56ರ ಪ್ಯಾಕರ್ಡ್ ಕೆರಿಬಿಯನ್: ಹಿಂಭಾಗ ಕೂತರೆ ಏಳುತ್ತಿಲ್ಲ, ಲೆವೆಲರ್ ಮೋಟಾರ್ ಸದ್ದೇ ಇಲ್ಲ

ಕೆರಿಬಿಯನ್_56 (ಓಹಾಯೋ):
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ.

ನನ್ನದು 1956ರ ಪ್ಯಾಕರ್ಡ್ ಕೆರಿಬಿಯನ್, ಹಳೇ ಅಮೆರಿಕನ್ ಕಾರು. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಗಾಡಿಯ ಹಿಂಭಾಗ ಇಳಿಯುತ್ತದೆ. ಇಳಿದದ್ದು ಏಳುವುದೇ ಇಲ್ಲ. ಮೊದಲೆಲ್ಲ ಜನ ಕೂತ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗುಂಯ್ ಅಂತ ಲೆವೆಲರ್ ಮೋಟಾರಿನ ಸದ್ದು ಬರುತ್ತಿತ್ತು, ಗಾಡಿ ಮೆಲ್ಲಗೆ ಸಮ ಆಗುತ್ತಿತ್ತು. ಈಗ ಸದ್ದೇ ಇಲ್ಲ. ಸಸ್ಪೆನ್ಷನ್‌ಗೆ ನಾನು ಕೈ ಹಾಕಿಯೇ ಇಲ್ಲ. ಬ್ಯಾಟರಿ ಹೊಸದು. ಡ್ಯಾಶ್ ಕೆಳಗಿನ ಲೆವೆಲರ್ ಸ್ವಿಚ್ ಆನ್ ಇದೆ, ಅದನ್ನು ಮೊದಲೇ ನೋಡಿದೆ.

ಗಾಡಿ ಒರಿಜಿನಲ್. ತಿರುಗಿಸಿ ಹಾಕುವ ಸೀಟು ಕುಶನ್‌ಗಳು ಕಾರ್ಖಾನೆಯವೇ, ಒಂದು ಮಗ್ಗುಲು ಬಟ್ಟೆ, ಇನ್ನೊಂದು ಮಗ್ಗುಲು ಲೆದರ್. ಬೇಸಿಗೆಯಲ್ಲಿ ವಾರೆನ್ ಊರಿನ ಪ್ಯಾಕರ್ಡ್ ಮ್ಯೂಸಿಯಂಗೆ ಒಯ್ಯಬೇಕು. ಬಾಲ ನೆಲಕ್ಕೆ ಬಿಟ್ಟುಕೊಂಡು ಅಲ್ಲಿಗೆ ಹೋಗಲು ಮನಸ್ಸಿಲ್ಲ.

ಡೇಟನ್_ಗ್ಯಾರೇಜ್:
ಸೊಲೆನಾಯ್ಡ್. ಅಂದರೆ ಮೋಟಾರಿಗೆ ಕರೆಂಟು ಕೊಡುವ ಅಯಸ್ಕಾಂತದ ಸ್ವಿಚ್. ನೂರಕ್ಕೆ ನೂರು ಸೊಲೆನಾಯ್ಡ್. ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಕರಿ ಹಿಡಿದಿರುತ್ತದೆ. ಬಿಚ್ಚಿ, ಸಣ್ಣ ಮರಳು ಕಾಗದದಲ್ಲಿ ಉಜ್ಜಿ ವಾಪಸ್ ಹಾಕಿ. ನಾನು ನೋಡಿದ ಟಾರ್ಷನ್-ಲೆವೆಲ್ (ಈ ಸಸ್ಪೆನ್ಷನ್ನಿನ ಹೆಸರು) ಗಾಡಿಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಹಳೇ_ಗಾಡಿ:
ಹೊಸಬರು ಓದುತ್ತಿದ್ದರೆ ಅವರಿಗಾಗಿ: ಈ ಗಾಡಿಗೆ ಲೀಫ್ ಸ್ಪ್ರಿಂಗೂ ಇಲ್ಲ, ಕಾಯಿಲ್ ಸ್ಪ್ರಿಂಗೂ ಇಲ್ಲ. ಎರಡೂ ಕಡೆ ಮುಂದಿನ ಚಕ್ರವನ್ನೂ ಹಿಂದಿನ ಚಕ್ರವನ್ನೂ ಒಂದೇ ಉದ್ದದ ತಿರುಚು ಸರಳು ಜೋಡಿಸುತ್ತದೆ. ವಿಲಿಯಂ ಆಲಿಸನ್ ಎಂಬ ಎಂಜಿನಿಯರ್ ಕೊಟ್ಟ ವಿನ್ಯಾಸ. 1955ರಲ್ಲಿ ಬಂತು. ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಆ ಪೆಟ್ಟು ಸರಳಿನಲ್ಲೇ ಹಿಂದಕ್ಕೆ ಹೋಗುತ್ತದೆ, ಮೈಗೆ ಬರುವುದಿಲ್ಲ. ಆದರೆ ಬರೀ ಉದ್ದ ಸರಳಿದ್ದರೆ ಭಾರ ಹಾಕಿದ ಕಡೆ ಗಾಡಿ ವಾಲಿಕೊಳ್ಳುತ್ತದೆ. ಅದಕ್ಕೇ ಹಿಂದೆ ಎರಡು ಚಿಕ್ಕ ಸರಳು, ಅವುಗಳನ್ನು ತಿರುಚಿ ಗಾಡಿ ಸಮ ಮಾಡಲು ಒಂದು ಮೋಟಾರ್.

ಅಣ್ಣಾ, ಒಂದು ಮಾತು. ಆ ಸರಳುಗಳಲ್ಲಿ ಭಾರಿ ಬಿಗಿ ತುಂಬಿರುತ್ತದೆ. ಸೊಲೆನಾಯ್ಡ್ ಬಿಚ್ಚಿ ಪರವಾಗಿಲ್ಲ, ಸರಳಿನ ತುದಿಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ. ಕೆಳಗೆ ಮಲಗುವ ಮೊದಲು ಸ್ವಿಚ್ ಆಫ್ ಮಾಡಿ, ಬ್ಯಾಟರಿ ತಂತಿಯನ್ನೂ ಬಿಚ್ಚಿಡಿ.

ಮೈಸೂರು_ಬ್ಯೂಕ್:
ಕೆರಿಬಿಯನ್! ಫೋಟೋ ಹಾಕಿ ಸಾರ್, ದಯವಿಟ್ಟು. ನಮ್ಮದು 1947ರ ಬ್ಯೂಕ್, ಎಂಟು ಸಿಲಿಂಡರ್ ಸಾಲಾಗಿ. ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್, ಮೋಟಾರೂ ಬೇಡ ಸೊಲೆನಾಯ್ಡೂ ಬೇಡ. ಮೊನ್ನೆ ಚಾಮುಂಡಿ ಬೆಟ್ಟ ಹತ್ತಿಸಿದೆ, ರೇಡಿಯೇಟರ್ ಒಂದು ಹನಿ ಉಗುಳಲಿಲ್ಲ.

ಲಿಂಕನ್_ಪ್ರಿಯ:
ಕಂಪನಿ ಮುಳುಗುವ ಹೊತ್ತಿನಲ್ಲಿ ಇಷ್ಟು ತೊಡಕಿನ ಸಸ್ಪೆನ್ಷನ್ ಯಾಕೆ ಬೇಕಿತ್ತು? ಅದೇ ಕಾಲದ ಫೋರ್ಡ್ ಕಂಪನಿಯ ಐಷಾರಾಮಿ ಗಾಡಿ ಕಾಂಟಿನೆಂಟಲ್ ಮಾರ್ಕ್ 2 ನೋಡಿ. ಸುಮಾರು 10,000 ಡಾಲರ್ ಬೆಲೆ, ಎರಡು ವರ್ಷಕ್ಕೆ ಸುಮಾರು 3,000 ಗಾಡಿ, ಎಲ್ಲ ಭಾಗ ಆರಿಸಿ ಆರಿಸಿ ಕೂರಿಸಿದ್ದು. ನನ್ನದು ಇವತ್ತಿಗೂ ಸಮವಾಗಿ ನಿಂತಿದೆ.

ಹಳೇ_ಗಾಡಿ:
ಮಾರ್ಕ್ 2 ಚಂದದ ಗಾಡಿ, ಒಪ್ಪುತ್ತೇನೆ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಎರಡನ್ನೂ ಓಡಿಸಿ ನೋಡಿ. ಪ್ಯಾಕರ್ಡ್ ಹೋಗುವ ರೀತಿಯೇ ಬೇರೆ. 1956ರ ಕೆರಿಬಿಯನ್ ಕನ್ವರ್ಟಿಬಲ್ ಮಾಡಿದ್ದು ಬರೀ 276. ಆ ವರ್ಷ ಜೂನ್ 25ಕ್ಕೆ ಡೆಟ್ರಾಯಿಟ್‌ನಲ್ಲಿ ಪ್ಯಾಕರ್ಡ್ ತಯಾರಿಕೆಯೇ ನಿಂತಿತು. ಇದು ಆ ಮನೆಯ ಕೊನೆಯ ದೊಡ್ಡ ಕೆಲಸ. ತೊಡಕು ಅಂತ ತಳ್ಳಿಹಾಕಬೇಡಿ.

ಕೆರಿಬಿಯನ್_56:
ಸಾರ್‌ಗಳೇ, ನನ್ನ ಗಾಡಿ ಇನ್ನೂ ಕೂತೇ ಇದೆ.

ಡೇಟನ್ ಅವರೇ, ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ. ಸೊಲೆನಾಯ್ಡ್‌ಗೆ ನೇರವಾಗಿ ತಂತಿ ಕೊಟ್ಟೆ. ಟಕ್ ಅಂತು, ಮೋಟಾರ್ ತಿರುಗಿತು, ಗಾಡಿ ಎದ್ದಿತು. ಹಾಗಾದರೆ ಸೊಲೆನಾಯ್ಡ್ ಸರಿ ಇದೆ ಅಲ್ವಾ?

ಡೇಟನ್_ಗ್ಯಾರೇಜ್:
ನೇರ ತಂತಿಗೆ ಕೆಲಸ ಮಾಡಿತು ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ. ಕರಿ ಹಿಡಿದ ಬಿಲ್ಲೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಕೈ ಕೊಡುತ್ತದೆ. ಬಿಚ್ಚಿ ಉಜ್ಜಿ.

ನೆಗೆಟಿವ್_ಅರ್ತ್:
ಹೊಸ ಬ್ಯಾಟರಿ ಅಂದಿರಿ. ಹೇಗೆ ಜೋಡಿಸಿದ್ದೀರಿ? 55, 56ರ ಪ್ಯಾಕರ್ಡ್ 12 ವೋಲ್ಟ್, ಆದರೆ ಪಾಸಿಟಿವ್ ಅರ್ತ್. ಪ್ಲಸ್ ತುದಿ ಬಾಡಿಗೆ ಹೋಗಬೇಕು. ಈ ತಲೆನೋವೇ ಬೇಡ ಅಂತ ನಾನು ನನ್ನ ಪ್ಯಾಕರ್ಡ್ ಪೇಟ್ರೀಷಿಯನ್ ಅನ್ನು ನೆಗೆಟಿವ್‌ಗೆ ಬದಲಿಸಿದೆ. ಈಗ ಫೋನ್ ಚಾರ್ಜರ್, ಹೊಸ ರೇಡಿಯೋ ಎಲ್ಲ ನೇರ ಹಾಕಬಹುದು.

ಹಳೇ_ಗಾಡಿ:
ಇಷ್ಟು ಚೆನ್ನಾಗಿ ಉಳಿದ ಗಾಡಿಗೆ ಹೊಸ ರೇಡಿಯೋ ಹಾಕುತ್ತಾರಾ? ಕೊಳ್ಳುವವರು ಮೊದಲು ನೋಡುವುದೇ ವೈರಿಂಗ್. ಕಾರ್ಖಾನೆ ಹೇಗೆ ಕಳಿಸಿತೋ ಹಾಗೇ ಇರಲಿ.

ನೆಗೆಟಿವ್_ಅರ್ತ್:
ಗಾಡಿ ಓಡಿಸುವುದಕ್ಕೆ ಸಾರ್, ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಲ್ಲ. ನಾನು ವಾರಕ್ಕೊಮ್ಮೆ ಹೈವೇಗೆ ತೆಗೆದುಕೊಂಡು ಹೋಗುತ್ತೇನೆ.

ಕೆರಿಬಿಯನ್_56:
ಪ್ಲಸ್ ಬಾಡಿಗೇ ಇದೆ. ಮೀಟರ್ ಹಿಡಿದು ನೋಡಿದ್ದೇನೆ. ದಯವಿಟ್ಟು ಲೆವೆಲರ್ ಬಗ್ಗೆ ಹೇಳಿ.

374_ಟ್ಯಾಪೆಟ್:
ಮಧ್ಯೆ ಬರುತ್ತಿದ್ದೇನೆ. ಎಂಜಿನ್ ಬಿಸಿ ಆದ ಮೇಲೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಟಕಟಕ ಅನ್ನುತ್ತದಾ? ಈ ವಿ8ರಲ್ಲಿ ವೈಪರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪನ್ನು ಆಯಿಲ್ ಪಂಪಿನ ಬುಡಕ್ಕೇ ಕಟ್ಟಿದ್ದಾರೆ. ಅದು ಸವೆದರೆ ಆಯಿಲ್ ಜೊತೆ ಗಾಳಿಯೂ ಸೇರಿ ಟ್ಯಾಪೆಟ್‌ಗೆ ನೊರೆ ಹೋಗುತ್ತದೆ. ನಾನು ಆ ವ್ಯಾಕ್ಯೂಮ್ ಪಂಪ್ ತೆಗೆದು ತಗಡು ಮುಚ್ಚಿದೆ, ವೈಪರ್‌ಗೆ ಕರೆಂಟ್ ಮೋಟಾರ್ ಹಾಕಿದೆ. ಈಗ ಎಂಜಿನ್ ಸದ್ದೇ ಕೇಳಿಸುವುದಿಲ್ಲ.

ಕೆರಿಬಿಯನ್_56:
ಟ್ಯಾಪೆಟ್ ಸದ್ದು ಇಲ್ಲ ಸಾರ್. ಅದಕ್ಕೆ ಬೇರೆ ಚರ್ಚೆ ತೆರೆಯೋಣ.

ವೈರಿಂಗ್_ಅಕ್ಕ:
ಎಲ್ಲರೂ ಒಂದು ನಿಮಿಷ ನಿಲ್ಲಿ. ಕೆರಿಬಿಯನ್ ಅವರೇ, ಎರಡು ಪ್ರಶ್ನೆ. ಇದು ನಿಂತದ್ದು ಯಾವಾಗಿನಿಂದ? ಬ್ರೇಕ್ ಲೈಟ್ ಹತ್ತುತ್ತದಾ?

ಡೇಟನ್_ಗ್ಯಾರೇಜ್:
ಬ್ರೇಕ್ ಲೈಟಿಗೂ ಸಸ್ಪೆನ್ಷನ್‌ಗೂ ಏನು ಸಂಬಂಧ ಮೇಡಂ?

ಕೆರಿಬಿಯನ್_56:
ಚಳಿಗಾಲ ಮುಗಿದು ಗಾಡಿ ಹೊರಗೆ ತೆಗೆದಾಗಿನಿಂದ. ಬ್ರೇಕ್ ಲೈಟ್ ಎರಡೂ ಹತ್ತುತ್ತವೆ, ಮೊದಲಿಗಿಂತ ಜಾಸ್ತಿ ಬೆಳಕು. ಫೋಟೋ ಹಾಕಿದ್ದೇನೆ. ಮೈಸೂರು ಅವರೇ, ನೀವು ಕೇಳಿದ್ದೂ ಇದರಲ್ಲೇ ಇದೆ.

ಮೈಸೂರು_ಬ್ಯೂಕ್:
ಅಬ್ಬಾ! ಮೂರು ಬಣ್ಣ! ಆ ನೀಲಿ ಪಟ್ಟಿ ನೋಡಿ. ಕೆಥೀಡ್ರಲ್ ಟೇಲ್ ಲ್ಯಾಂಪ್ ಅಂದರೆ ಇದೇ ಅಲ್ವಾ, ಪ್ಯಾಕರ್ಡ್ ಡಿಸೈನರ್ ಡಿಕ್ ಟೀಗ್ ವಿನ್ಯಾಸ ಮಾಡಿದ್ದು?

ವೈರಿಂಗ್_ಅಕ್ಕ:
ಹೌದು, ಅದೇ. ಆ ಲ್ಯಾಂಪನ್ನೇ ದೊಡ್ಡದು ಮಾಡಿ ನೋಡಿ. ಕೆಂಪು ಗಾಜಿನ ಹಿಂದೆ ಬೆಳಕು ಒಂದೇ ಸಮ ಇಲ್ಲ, ಚುಕ್ಕಿ ಚುಕ್ಕಿಯಾಗಿ ಇದೆ. ಅದು ಎಲ್‌ಇಡಿ. ಚಳಿಗಾಲದಲ್ಲಿ ಬಲ್ಬ್ ಬದಲಿಸಿದಿರಾ?

ಕೆರಿಬಿಯನ್_56:
ಬದಲಿಸಿದೆ. ಸಂಜೆ ಹೊತ್ತು ಹಿಂದಿನ ಗಾಡಿಗಳು ತೀರಾ ಹತ್ತಿರ ಬರುತ್ತಿದ್ದವು. ಪಾಸಿಟಿವ್ ಅರ್ತ್‌ಗೂ ನಡೆಯುವ ಎಲ್‌ಇಡಿ ಹುಡುಕಿ ತಂದು ಹಾಕಿದೆ. ಲೆವೆಲರ್‌ಗೆ ಅದರಿಂದ ಏನು?

ವೈರಿಂಗ್_ಅಕ್ಕ:
ಅದರಿಂದಲೇ ಎಲ್ಲ.

ಗಾಡಿಗೆ ಬ್ರೇಕ್ ಹಾಕಿದಾಗ ಮೂತಿ ಬಗ್ಗಿ ಬಾಲ ಏಳುತ್ತದೆ. ಆಗ ಲೆವೆಲರ್ ಅದನ್ನು ಭಾರದ ಏರುಪೇರು ಅಂದುಕೊಂಡು ಮೋಟಾರ್ ತಿರುಗಿಸಬಾರದು. ಅದಕ್ಕೆ ಪ್ಯಾಕರ್ಡ್‌ನವರು ಎರಡು ತಡೆ ಇಟ್ಟಿದ್ದಾರೆ. ಒಂದು, ಸುಮಾರು ಏಳು ಸೆಕೆಂಡ್ ತಡ. ರಸ್ತೆಯ ಸಣ್ಣ ಕುಲುಕಾಟಕ್ಕೆಲ್ಲ ಮೋಟಾರ್ ಎಚ್ಚರ ಆಗುವುದಿಲ್ಲ. ಇನ್ನೊಂದು ಬ್ರೇಕ್ ಲೈಟಿನ ತಂತಿ. ಲೆವೆಲರ್ ಕಂಟ್ರೋಲಿಗೆ ಒಂದು ಕಡೆಯಿಂದ ಕರೆಂಟು ಬರುತ್ತದೆ, ಇನ್ನೊಂದು ಕಡೆ ಅದು ಬ್ರೇಕ್ ಬಲ್ಬಿನ ಫಿಲಮೆಂಟ್ ಹಾದು ಬಾಡಿ ಸೇರುತ್ತದೆ. ಕರೆಂಟು ಕಡಿಮೆ, ಆದ್ದರಿಂದ ಬಲ್ಬ್ ಹತ್ತುವುದಿಲ್ಲ. ಬ್ರೇಕ್ ಒತ್ತಿದಿರಿ ಅಂದುಕೊಳ್ಳಿ. ಎರಡೂ ಕಡೆ ಒಂದೇ ವೋಲ್ಟೇಜ್, ಹರಿಯಲು ದಾರಿ ಇಲ್ಲ, ಲೆವೆಲರ್ ಸುಮ್ನೆ ಇರುತ್ತದೆ. ಹೆಚ್ಚುವರಿ ರಿಲೇ ಇಲ್ಲದೆ ಕೆಲಸ ಮುಗಿಸಿದ್ದಾರೆ. ಎಷ್ಟು ಜಾಣತನ ನೋಡಿ.

ಎಲ್‌ಇಡಿಯಲ್ಲಿ ಫಿಲಮೆಂಟ್ ಇಲ್ಲ. ಬೇಕಾದಷ್ಟು ಕರೆಂಟು ಅದರಲ್ಲಿ ಹಾದುಹೋಗುವುದಿಲ್ಲ. ಎರಡೂ ಬ್ರೇಕ್ ಬಲ್ಬ್ ಸುಟ್ಟುಹೋದರೂ ಇದೇ ಆಗುತ್ತದೆ. ಹಳೇ ಬಲ್ಬ್ ಒಂದನ್ನು ವಾಪಸ್ ಹಾಕಿ, ಹಿಂದೆ ಇಬ್ಬರನ್ನು ಕೂರಿಸಿ, ಬ್ರೇಕ್ ಮುಟ್ಟದೆ ಕಾಯಿರಿ.

ಡೇಟನ್_ಗ್ಯಾರೇಜ್:
ಓದಿದೆ. ಸೊಲೆನಾಯ್ಡ್ ಬಿಚ್ಚಿ ನೋಡುವುದು ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ.

ಕೆರಿಬಿಯನ್_56:
ಬಂತು! ಸದ್ದು ಬಂತು! ಎಡಗಡೆ ಹಳೇ ಬಲ್ಬ್ ಹಾಕಿದೆ. ಹೆಂಡತಿ, ಮಗ ಹಿಂದೆ ಕೂತರು. ಸ್ವಲ್ಪ ಹೊತ್ತು ಏನಿಲ್ಲ, ಆಮೇಲೆ ಗುಂಯ್ ಅಂತ ಶುರುವಾಯಿತು. ಬಂಪರ್ ಮೇಲೇಳುವುದನ್ನು ಹಿಂದೆ ನಿಂತು ನೋಡಿದೆ. ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ.

ನೆಗೆಟಿವ್_ಅರ್ತ್:
ಎಲ್‌ಇಡಿ ಬಿಡಬೇಡಿ. ಬ್ರೇಕ್ ತಂತಿಯಿಂದ ಬಾಡಿಗೆ ಒಂದು ಲೋಡ್ ರೆಸಿಸ್ಟರ್ ಹಾಕಿ, ಫಿಲಮೆಂಟ್ ಮಾಡುವ ಕೆಲಸ ಅದೇ ಮಾಡುತ್ತದೆ. ಹಿಂದಿನವರಿಗೆ ಬೆಳಕು ಕಾಣುವುದು ಮುಖ್ಯ.

ವೈರಿಂಗ್_ಅಕ್ಕ:
ಆಗುತ್ತದೆ. ಆದರೆ ಬ್ರೇಕ್ ಒತ್ತಿಕೊಂಡು ಸಿಗ್ನಲ್‌ನಲ್ಲಿ ನಿಂತಾಗ ರೆಸಿಸ್ಟರ್ ಕೈ ಸುಡುವಷ್ಟು ಬಿಸಿ ಆಗುತ್ತದೆ. ಬರೀ ತಗಡಿನ ಮೇಲೆ ಕೂರಿಸಿ, ಡಿಕ್ಕಿಯ ಕಾರ್ಪೆಟ್ಟಿನಿಂದ, ಹಳೇ ವೈರಿಂಗಿನಿಂದ ದೂರ.

ಹಳೇ_ಗಾಡಿ:
ಅಥವಾ ಎರಡೂ ಕಡೆ ಹಳೇ ಬಲ್ಬೇ ಹಾಕಿ. ಲ್ಯಾಂಪಿನ ಒಳಗಿನ ಹೊಳಪು ತಗಡು ಮಾಸಿದ್ದರೆ ಅದನ್ನು ತಿಕ್ಕಿ ಬೆಳಗಿ, ಸಾಕೆನಿಸುವಷ್ಟು ಬೆಳಕು ಬರುತ್ತದೆ. 276ರಲ್ಲಿ ಒಂದು ನಿಮ್ಮದು. ತೂತು ಕೊರೆದು ರೆಸಿಸ್ಟರ್ ಹಾಕುವ ಗಾಡಿ ಅಲ್ಲ.

ಲಿಂಕನ್_ಪ್ರಿಯ:
ಇದರಲ್ಲಿ ಮಾತ್ರ ಹಳೇ ಗಾಡಿ ಅವರ ಪಕ್ಷ ನಾನು. ನನ್ನ ಮಾರ್ಕ್ 2ರಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ.

ಕೆರಿಬಿಯನ್_56:
ಬಲ್ಬೇ ಹಾಕುತ್ತೇನೆ. ಆದರೆ ಇನ್ನೊಂದು ತೊಂದರೆ ಕಾಣುತ್ತಿದೆ. ಇಬ್ಬರೂ ಇಳಿದ ಮೇಲೆ ಬಾಲ ಎತ್ತರದಲ್ಲೇ ನಿಂತಿದೆ, ಇಳಿಯುತ್ತಿಲ್ಲ. ಬ್ರೇಕ್ ಮುಟ್ಟಿಲ್ಲ, ಸ್ವಿಚ್ ಆನ್ ಇದೆ. ಟಕ್ ಅನ್ನುವುದು ಕೇಳುತ್ತದೆ, ಮೋಟಾರ್ ಮಾತ್ರ ತಿರುಗುವುದಿಲ್ಲ.

ವೈರಿಂಗ್_ಅಕ್ಕ:
ಟಕ್ ಅಂದರೆ ಕಂಟ್ರೋಲಿನಿಂದ ಕರೆಂಟು ಬರುತ್ತಿದೆ. ಅಲ್ಲಿ ಎರಡು ಸೊಲೆನಾಯ್ಡ್ ಇವೆ, ಏರಿಸಲು ಒಂದು, ಇಳಿಸಲು ಒಂದು. ಅವತ್ತು ನೇರ ತಂತಿ ಕೊಟ್ಟದ್ದು ಯಾವುದಕ್ಕೆ?

ಕೆರಿಬಿಯನ್_56:
ಏರಿಸುವುದಕ್ಕೆ. ಅದೊಂದಕ್ಕೇ.

ಡೇಟನ್_ಗ್ಯಾರೇಜ್:
ಇಳಿಸುವ ಸೊಲೆನಾಯ್ಡ್ ಬಿಚ್ಚಿ ಸಾರ್. ಸ್ವಿಚ್ ಆಫ್ ಮಾಡಿ, ಬ್ಯಾಟರಿ ತಂತಿ ತೆಗೆದು, ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋಗಿ. ಬಿಲ್ಲೆಯ ಎರಡೂ ಮಗ್ಗುಲಿನ ಫೋಟೋ ಹಾಕಿ. ಒಂದು ಮಗ್ಗುಲು ಸುಟ್ಟಿದ್ದರೆ ತಿರುಗಿಸಿ ಹಾಕಬಹುದು.