ಐದು ದಿನದ ಘಟ್ಟದ ಚಾರಣಕ್ಕೆ ತಯಾರಿ ಹೇಗೆ?

ಪ್ರಶ್ನೆ (ಕಾರವಾರ): ಅಣ್ಣಾ, ಜನವರಿಯಲ್ಲಿ ಶಿರಸಿಯಿಂದ ಘಟ್ಟ ಇಳಿದು ಕುಮಟಾ ಸೇರುವ ಐದು ದಿನಗಳ ಚಾರಣಕ್ಕೆ ನಾನೂ ತಂಗಿಯೂ ಹೆಸರು ಕೊಟ್ಟಿದ್ದೇವೆ. ಮಾರ್ಗದರ್ಶಿ ಜೊತೆಗಿರುತ್ತಾರೆ. ನನಗೆ ನಲವತ್ತಾರು ವರ್ಷ, ಕುಳಿತು ಮಾಡುವ ಕೆಲಸ. ಸಂಜೆ ಕಡಲತೀರದಲ್ಲಿ ಒಂದು ಗಂಟೆ ನಡೆಯುತ್ತೇನೆ. ಇಷ್ಟು ಸಾಕೇ?

ಉತ್ತರ (ಚಾರಣ ಮಾರ್ಗದರ್ಶಿ, ಶಿರಸಿ): ಅಕ್ಕಾ, ಉಸಿರಿಗೆ ಆ ನಡಿಗೆ ಒಳ್ಳೆಯದು, ಬಿಡಬೇಡಿ. ಆದರೆ ಕಡಲತೀರದಲ್ಲಿ ಇಳಿಜಾರಿಲ್ಲ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಕುಮಟಾ ಕಡಲ ಮಟ್ಟದಲ್ಲಿ. ನಡುವೆ ಪ್ರತಿ ಹಳ್ಳಕ್ಕೂ ಇಳಿದು ಮತ್ತೆ ಹತ್ತಬೇಕು. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಹಾಗಲ್ಲ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅಭ್ಯಾಸವಿಲ್ಲದಿದ್ದರೆ ಅದರ ಎಳೆಗಳಿಗೆ ಪೆಟ್ಟಾಗುತ್ತದೆ. ನೋವು ಕಾಣಿಸಿಕೊಳ್ಳುವುದು ಮರುದಿನ, ಜೋರಾಗುವುದು ಅದರಾಚೆಯ ದಿನ. ಗಟ್ಟಿಮುಟ್ಟಾದ ಹುಡುಗರೂ ಮೂರನೆಯ ದಿನ ಕುಂಟುವುದು ಇದರಿಂದಲೇ.

ಮೊದಲೇ ಕೆಲವು ಸಲ ಇಳಿದು ನೊಂದ ಸ್ನಾಯು ಮುಂದಿನ ಹಲವು ವಾರ ಅಷ್ಟು ನೋಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಜೊತೆಯವರೊಂದಿಗೆ ನಿಮ್ಮ ಕಾರವಾರದ ಹತ್ತಿರದ ಗುಡ್ಡಳ್ಳಿ ಬೆಟ್ಟ ಹತ್ತಿ ಇಳಿಯಿರಿ. ಉಳಿದ ದಿನ ಕಚೇರಿಯ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿಯಿರಿ. ಚಾರಣಕ್ಕೆ ತರುವ ಚೀಲ, ತೊಡುವ ಶೂ ಆಗಲೇ ಬಳಕೆಯಲ್ಲಿರಲಿ. ಹೊಸ ಶೂ ತೊಟ್ಟು ಬಂದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಮಧ್ಯಾಹ್ನದೊಳಗೆ ಬೊಬ್ಬೆ ಬಂದಿರುತ್ತದೆ. ಕಾಲುಗುರು ಕತ್ತರಿಸಿಕೊಂಡು ಬನ್ನಿ. ಕೊನೆಯ ವಾರ ವಿಶ್ರಾಂತಿ.

ಪ್ರಶ್ನೆ (ಕಾರವಾರ): ಉಂಬಳಕ್ಕೆ ಏನು ಮಾಡಬೇಕು? ತಂಗಿಗೆ ಅದೊಂದೇ ಭಯ.

ಉತ್ತರ: ಜನವರಿಯಲ್ಲಿ ಉಂಬಳ ಕಡಿಮೆ, ಹಳ್ಳದ ತಂಪಿನಲ್ಲಿ ಅಲ್ಲೊಂದು ಇಲ್ಲೊಂದು. ಕಚ್ಚಿದರೆ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಷ್ಟೇ. ಆ ಕಾಲದಲ್ಲಿ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚಿಯೇ, ಅದು ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲೂ ಜೀವ ತೆಗೆದಿದೆ. ಮಳೆಗಾಲ ಮುಗಿದ ಮೇಲೆ ಬೇಸಿಗೆಯವರೆಗೆ ಉಣುಗಿನ ಮರಿಗಳು ತರಗೆಲೆಗಳ ನಡುವೆ ಇರುತ್ತವೆ, ಕಣ್ಣಿಗೆ ಬೀಳುವುದೇ ಕಷ್ಟ. ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿ. ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಅಕ್ಕ ತಂಗಿ ಒಬ್ಬರ ಬೆನ್ನು, ಕಿವಿಯ ಹಿಂಭಾಗವನ್ನು ಇನ್ನೊಬ್ಬರು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮಾರ್ಗದರ್ಶಿಗೆ ತಿಳಿಸಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಪ್ರಶ್ನೆ (ಹೊನ್ನಾವರ): ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಇಂಥ ಚಾರಣಕ್ಕೆ ಬರಬಹುದೇ?

ಉತ್ತರ: ಸರ್, ಅದನ್ನು ನಿಮ್ಮ ವೈದ್ಯರೇ ಹೇಳಬೇಕು. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಘಟ್ಟದ ಕೆಳಗಿನ ಸೆಕೆಯಲ್ಲಿ ಬೆವರೂ ಸೇರಿದರೆ ತಲೆ ಸುತ್ತಬಹುದು. ದಿನಕ್ಕೆ ಆರೇಳು ಗಂಟೆ ನಡಿಗೆ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಿ. ಅವರು ಒಪ್ಪಿದರೆ ಮಾತ್ರೆಯನ್ನು ಎರಡು ಚೀಲದಲ್ಲಿ ಹಂಚಿಡಿ, ನಿಮ್ಮ ಮಾರ್ಗದರ್ಶಿಗೂ ಹೇಳಿ. ನಡುದಾರಿಯಲ್ಲಿ ಉಪ್ಪು ಹಾಕಿದ ಮುರುಗಲು ಪಾನಕವನ್ನು ನಾವು ಎಲ್ಲರಿಗೂ ಕೊಡುತ್ತೇವೆ. ನೀವು ಎಷ್ಟು ಕುಡಿಯಬಹುದು ಎಂಬುದನ್ನೂ ವೈದ್ಯರಲ್ಲಿ ಕೇಳಿಕೊಂಡು ಬನ್ನಿ.