ಹಾಲು ಬಿಡಿಸಿದ ಹಂದಿಮರಿಗಳ ಭೇದಿ: ಮಲದಲ್ಲಿ ಯೀಸ್ಟ್ ಕಂಡರೆ ಔಷಧಿ ಬೇಕಾ?

ಕೇಳಿದ್ದು: 28 ದಿನಕ್ಕೆ ತಾಯಿಯಿಂದ ಬೇರೆ ಮಾಡಿದ 11 ಮರಿಗಳು. ಐದನೇ ದಿನದಿಂದ ಹಳದಿ ನೀರುಭೇದಿ. ಮಲಪರೀಕ್ಷೆಯಲ್ಲಿ ‘ಯೀಸ್ಟ್ ಹೇರಳ’ ಅಂತ ಬಂದಿದೆ. ಶಿಲೀಂಧ್ರದ ಔಷಧಿ ಕೊಡಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪಶುವೈದ್ಯರ ಉತ್ತರ: ಆ ಒಂದು ಸಾಲು ನೋಡಿ ಔಷಧಿ ಶುರು ಮಾಡಬೇಡಿ. ಹಾಲು ಬಿಟ್ಟು ಕಾಳಿನ ಮೇವಿಗೆ ಬಂದ ಮರಿಯ ಕರುಳಲ್ಲಿ ಕಜಾಕ್‌ಸ್ತಾನಿಯಾ ಸ್ಲೂಫಿಯೆ ಅನ್ನೋ ಯೀಸ್ಟ್ ತಾನಾಗೇ ಹೆಚ್ಚುತ್ತೆ. ಗಟ್ಟಿ ಮಲ ಹಾಕೋ ಆರೋಗ್ಯವಂತ ಮರಿಯಲ್ಲೂ ಅದು ಇರುತ್ತೆ. ಈ ವಯಸ್ಸಿನ ನೀರುಭೇದಿಗೆ ಮೊದಲ ಅನುಮಾನ ಎಫ್4, ಎಫ್18 ಬಗೆಯ ಈ. ಕೋಲೈ ಬ್ಯಾಕ್ಟೀರಿಯಾ ಮೇಲೆ, ಆಮೇಲೆ ರೋಟಾ ವೈರಸ್. ಕ್ಯಾಂಡಿಡಾ ಅನ್ನೋ ಇನ್ನೊಂದು ಯೀಸ್ಟ್ ನಿಜವಾಗಿ ಕಾಡೋದು ಆಂಟಿಬಯೋಟಿಕ್ ದಿನಗಟ್ಟಲೆ ಕೊಟ್ಟಾಗ: ಬ್ಯಾಕ್ಟೀರಿಯಾ ಸತ್ತು ಜಾಗ ಖಾಲಿಯಾಗುತ್ತೆ, ಯೀಸ್ಟ್ ಬಂದು ಕೂರುತ್ತೆ. ನಾಲಿಗೆ, ಗಂಟಲಲ್ಲಿ ಮೊಸರಿನ ಕೆನೆಯಂಥ ಬಿಳಿ ಪದರ ಇದೆಯಾ ನೋಡಿ. ಆಂಟಿಬಯೋಟಿಕ್ ಕೊಡೋ ಮೊದಲೇ, ಇವತ್ತಷ್ಟೇ ಭೇದಿ ಶುರುವಾದ ಮೂರ್ನಾಲ್ಕು ಮರಿಗಳ ತಾಜಾ ಮಲವನ್ನು ಐಸಿನಲ್ಲಿಟ್ಟು ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸೋ ಪರೀಕ್ಷೆಗೆ) ಕಳಿಸಿ. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಮಾಡ್ತಾರೆ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಅದನ್ನು ಮಾರೋದಕ್ಕೆ ಭಾರತದಲ್ಲಿ 2019ರಿಂದ ನಿಷೇಧವಿದೆ.

ಹಂದಿ ಸಾಕಣೆದಾರರ ಉತ್ತರ: ಮರಿ ಸಾಯೋದು ನೀರು ಕಳೆದುಕೊಂಡು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಅಥವಾ ಓಆರ್‌ಎಸ್ ಪ್ಯಾಕೆಟ್. ಅಗಲ ತಟ್ಟೆಯಲ್ಲಿಡಿ, ದಿನಕ್ಕೊಮ್ಮೆ ಚೆಲ್ಲಿ ಹೊಸದು ಮಾಡಿ. ಮರಿಗಳು ನೀರು ಕುಡಿಯೋ ನಿಪ್ಪಲ್ ಒತ್ತಿ ಒಂದು ನಿಮಿಷ ಬಾಟಲಿ ಹಿಡಿಯಿರಿ: ಅರ್ಧ ಲೀಟರ್ ಬರಲೇಬೇಕು. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿಯಾಗ್ತಿದೆ ಅಂತ ತಿಳೀರಿ. ಮೊದಲ ವಾರ 28-30 ಡಿಗ್ರಿ ಬೇಕು. ಒಣ ಹುಲ್ಲು ಹಾಸಿ, ಗಾಳಿ ನೇರ ಹೊಡೆಯದಂತೆ ಗೋಣಿ ಕಟ್ಟಿ.

ಮೇವು ಒಮ್ಮೆಲೇ ಬದಲಾಯಿಸಿದ್ದರೆ ಹಳೆಯದಕ್ಕೆ ವಾಪಸ್ ಹೋಗಿ. ಹೊಸದನ್ನು ಕಾಲು, ಅರ್ಧ, ಮುಕ್ಕಾಲು ಅಂತ ನಾಲ್ಕೈದು ದಿನದಲ್ಲಿ ಬೆರೆಸಿ. ಒಮ್ಮೆಗೇ ಸುರಿಯದೆ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕೊಡಿ. ಪ್ರೋಟೀನ್ ಶೇ. 18ರ ಆಸುಪಾಸು ಸಾಕು. ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಲ್ಲಿ ಕೊಳೆತು ಭೇದಿ ಹೆಚ್ಚಿಸುತ್ತೆ. ಹಸಿ ಸೋಯಾ ಬೇಡವೇ ಬೇಡ.

ಮೇವು ತಯಾರಿಸುವವರ ಉತ್ತರ: ಕರುಳಿನ ಯೀಸ್ಟ್ ಬೇರೆ, ಜೋಳದ ಬೂಷ್ಟು ಬೇರೆ, ನನಗೆ ಭಯ ಎರಡನೆಯದರದ್ದೇ. ಮಳೆಗಾಲದಲ್ಲಿ ಮೆಕ್ಕೆಜೋಳದ ಚೀಲ ನೆಲಕ್ಕೆ ತಾಗಿದ್ದರೆ ಅಡಿಯಲ್ಲಿ ಕೈ ಹಾಕಿ ನೋಡಿ, ಬಿಸಿ, ಗಂಟು, ಮುಗ್ಗಲು ವಾಸನೆ ಇದ್ದರೆ ಆ ಚೀಲ ಮರಿಗಳಿಗೆ ಬೇಡ. ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹೋಗಲ್ಲ. ಹೆಣ್ಣುಮರಿಗಳ ಯೋನಿ ಕೆಂಪಾಗಿ ಊದಿದ್ದರೆ ಝೆರಲೆನೋನ್ ಅನ್ನೋ ಇನ್ನೊಂದು ಬೂಷ್ಟಿನ ವಿಷ ಇರಬಹುದು.

ಪಶುವೈದ್ಯರು ಮತ್ತೆ: ರೆಪ್ಪೆ ಊದಿ, ಮರಿ ತೂರಾಡಿದರೆ ಅದು ಈ. ಕೋಲೈ ತರುವ ಈಡಿಮಾ (ಬಾವಿನ ರೋಗ). ಚೆನ್ನಾಗಿ ಬೆಳೆದ ಮರಿಯೇ ಮೊದಲು ಬೀಳುತ್ತೆ. ಜ್ವರ 41 ಡಿಗ್ರಿ ದಾಟಿ, ಕಿವಿ ನೇರಳೆಯಾದರೆ ಹಂದಿಜ್ವರದ ಅನುಮಾನ. ಒಂದು ಮರಿಯನ್ನೂ ಆಚೆ ಸಾಗಿಸದೆ ಆಸ್ಪತ್ರೆಗೆ ಫೋನ್ ಮಾಡಿ.