ಅಪ್‌ಡೇಟ್: ಟರ್ಮಿನಲ್ ರೂಪದ ರೆಸ್ಯೂಮೆ ಏನಾಯಿತು?

ಟರ್ಮಿನಲ್‌ನಂತೆ (ಕಂಪ್ಯೂಟರ್‌ಗೆ ಆಜ್ಞೆಗಳನ್ನು ಅಕ್ಷರಗಳಲ್ಲೇ ಕೊಡುವ ಪರದೆ) ಕಾಣುವ, ಆಜ್ಞೆ ಟೈಪ್ ಮಾಡಿದರೆ ಉತ್ತರಿಸುವ ರೆಸ್ಯೂಮೆಯನ್ನು ಕೆಲಸದ ಅರ್ಜಿಗೆ ಬಳಸಬಹುದೇ ಎಂದು ಕೇಳಿದ್ದೆ. ರೆಸ್ಯೂಮೆ ಬೇರೆ, ಪೋರ್ಟ್‌ಫೋಲಿಯೊ (ಮಾಡಿದ ಕೆಲಸ ತೋರಿಸುವ ಪುಟ) ಬೇರೆ ಇರಲಿ ಎಂದು ಹೆಚ್ಚಿನವರು ಹೇಳಿದ್ದಿರಿ. ಹಾಗೆಯೇ ಮಾಡಿದೆ.

ಅರ್ಜಿಗೆ ಒಂದೇ ಕಾಲಮ್‌ನ, ಒಂದು ಪುಟದ ಸಾದಾ ಪಿಡಿಎಫ್. ಅದರ ಪಠ್ಯವನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ ಎಂಬ ಸಲಹೆ ಬಹಳ ಉಪಯೋಗಕ್ಕೆ ಬಂತು. ಹಳೆಯ ಎರಡು ಕಾಲಮ್‌ಗಳ ವಿನ್ಯಾಸದಲ್ಲಿ ಕೆಲಸದ ವರ್ಷಗಳು ಕೌಶಲಗಳ ಪಟ್ಟಿಯೊಳಗೆ ನುಗ್ಗಿ ಕುಳಿತಿದ್ದವು. ಅರ್ಜಿ ಸೋಸುವ ತಂತ್ರಾಂಶಕ್ಕೂ ಬಹುಶಃ ಅದೇ ಕಲಸುಮೇಲೋಗರ ಕಾಣುತ್ತಿತ್ತು. ‘ಜಾವಾಸ್ಕ್ರಿಪ್ಟ್ 85%’ ಎಂಬಂಥ ಬಣ್ಣದ ಪಟ್ಟಿಗಳನ್ನೂ ಕಿತ್ತೆಸೆದೆ. ಯಾವುದರ 85% ಎಂದು ಯಾರಾದರೂ ವಿವರಿಸಿದ್ದನ್ನು ನಾನಂತೂ ಕಂಡಿಲ್ಲ.

ಪೋರ್ಟ್‌ಫೋಲಿಯೊ ಆಗಿರುವ ಟರ್ಮಿನಲ್ ಪುಟ ಗಿಟ್‌ಹಬ್ ಪೇಜಸ್‌ನಲ್ಲಿದೆ (ಕೋಡ್ ಇಡುವ ಗಿಟ್‌ಹಬ್ ತಾಣದ ವೆಬ್‌ಪುಟ ಸೇವೆ). ರೆಸ್ಯೂಮೆಯಲ್ಲಿ ಅದರ ಕೊಂಡಿ ಮಾತ್ರ. ಮೊಬೈಲ್‌ನಲ್ಲಿ ತೆರೆಯುವವರಿಗಾಗಿ ಬಟನ್‌ಗಳನ್ನೂ ಸೇರಿಸಿದ್ದೇನೆ.

ಈಗ ಸಂದರ್ಶನದ ಕರೆಗಳು ಬರುತ್ತಿವೆ. ತಮಾಷೆಯೆಂದರೆ, ಪುಟದ ಅಂದಚಂದದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ಸಂದರ್ಶಕರು ನೇರವಾಗಿ ಕೋಡ್ ತೆರೆದು, ಟ್ಯಾಬ್ ಒತ್ತಿದಾಗ ಆಜ್ಞೆ ತಾನೇ ಪೂರ್ಣಗೊಳ್ಳುವ ಭಾಗವನ್ನು ಹೇಗೆ ಬರೆದಿರಿ, ಟೈಪ್ ಮಾಡಿದ ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ಆಜ್ಞೆಗಳು ಹೊಂದಿದರೆ ಏನಾಗುತ್ತದೆ ಎಂದು ಕೆದಕಿದರು. ಅದನ್ನೇ ಈಗ ರೀಡ್‌ಮಿ ಕಡತದಲ್ಲಿ (ಕೋಡ್‌ನ ಜೊತೆಗಿಡುವ ವಿವರಣೆ) ವಿವರವಾಗಿ ಬರೆಯುತ್ತಿದ್ದೇನೆ.